ಅಳಿಯನ ಮರ

ನಮ್ಮಪ್ಪನನ್ನು ಯಾರಾದರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ತೋಟದ ಆಳುಗಳಿಗೆ, ಹಣ್ಣಿನ ಲಾರಿಯ ಡ್ರೈವರಿಗೆ, ಎದುರುಮನೆಯ ನಾಲ್ಕು ವರ್ಷದ ಮಗುವಿಗೆ ಕೂಡ ಅವನು 'ಅಳಿಯ'. ತಾತನ ಅಂಜೂರದ ತೋಟಕ್ಕೆ ಮನೆ ಅಳಿಯನಾಗಿ ಬಂದಾಗ ಅವನಿಗೆ ಇಪ್ಪತ್ನಾಲ್ಕು ವರ್ಷ. ಹೆಂಡತಿಯ ತವರಿನಲ್ಲಿ ಬಂದು ಕೂತ ಗಂಡಸಿನ ಬಗ್ಗೆ ಜನ ಏನೇನು ಆಡಿಕೊಳ್ಳುತ್ತಾರೋ ಅಷ್ಟನ್ನೂ ಅವನು ಕೇಳಿಸಿಕೊಂಡ, ಕೇಳಿ ನಕ್ಕ. ನಕ್ಕವನು ಮರೆತೂ ಬಿಡುತ್ತಾನೆ ಅಂದುಕೊಂಡವರು ಮೂರ್ಖರು. ನನ್ನ ಸೋದರಮಾವ ಅಂಥ ಮೂರ್ಖ.

ತೋಟದಲ್ಲಿ ಇನ್ನೂ ನಾಲ್ಕು ಅಳಿಯಂದಿರಿದ್ದರು. ಹಣ್ಣು ಒಣಗಿಸುವ ಶೆಡ್ಡಿನ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದ ನಾಲ್ಕು ಗಂಡು ಅಂಜೂರದ ಮರಗಳು. ನೂರಿಪ್ಪತ್ತು ಹೆಣ್ಣುಮರಗಳು ಹಣ್ಣು ಬಿಟ್ಟು ಮನೆ ಸಾಕುತ್ತಿದ್ದರೆ, ಈ ನಾಲ್ಕರ ಕಾಯಿ ಒಣಕಲು ಬೆಂಡು, ಬಾಯಿಗಿಟ್ಟರೆ ಥೂ ಅಂತ ಉಗಿಯಬೇಕು. ನೀರು ಕುಡೀತಾವೆ, ಗೊಬ್ಬರ ತಿಂತಾವೆ, ಕಾಲು ಚಾಚಿ ಕೂತಿರ್ತಾವೆ ಅಂತ ತಾತನೇ ಅವಕ್ಕೆ ಅಳಿಯ ಅಂತ ಹೆಸರಿಟ್ಟಿದ್ದ, ಅದೂ ಅಪ್ಪ ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಅಪ್ಪ ಬಂದ ಮೇಲೆ ತಮಾಷೆ ದುಪ್ಪಟ್ಟಾಯಿತು. "ಅಳಿಯನಿಗೆ ನೀರು ಬಿಟ್ಟಾಯ್ತಾ?" ಅಂತ ತಾತ ಕೂಗಿದರೆ, "ಯಾವ ಅಳಿಯನಿಗೆ ಯಜಮಾನ್ರೇ?" ಅಂತ ಶೆಡ್ಡಿನ ಹೆಂಗಸರು ಕೇಳಿ ಬಿದ್ದು ಬಿದ್ದು ನಗುತ್ತಿದ್ದರು.

ಆದರೆ ಆ ನಾಲ್ಕು ಮರ ಇಲ್ಲದಿದ್ದರೆ ಆ ನೂರಿಪ್ಪತ್ತರಲ್ಲಿ ಒಂದು ಹಣ್ಣೂ ನಿಲ್ಲುವುದಿಲ್ಲ ಅನ್ನುವುದು ತಾತನಿಗೆ ಗೊತ್ತಿತ್ತು. ಅಂಜೂರದ ಹೂವು ಹೊರಗೆ ಕಾಣುವುದಿಲ್ಲ, ಕಾಯಿಯ ಹೊಟ್ಟೆಯೊಳಗೇ ಅರಳುತ್ತದೆ. ಅಲ್ಲಿಗೆ ಪರಾಗ ಹೊತ್ತುಕೊಂಡು ಹೋಗಬಲ್ಲದ್ದು ನೊರಜಿನಷ್ಟೇ ಇರುವ ಒಂದು ಕಣಜ. ಅದು ಹುಟ್ಟುವುದು ಗಂಡುಮರದ ಆ ಬೆಂಡುಕಾಯಿಯಲ್ಲಿ ಮಾತ್ರ. ಬೇರೆಲ್ಲಿಯೂ ಅದಕ್ಕೆ ತೊಟ್ಟಿಲಿಲ್ಲ. ಬೇಸಿಗೆಯ ಶುರುವಿನಲ್ಲಿ ಮೈತುಂಬ ಪುಡಿ ಮೆತ್ತಿಕೊಂಡು ಹೊರಬಂದು, ಮೊಟ್ಟೆಯಿಡುವ ಜಾಗ ಹುಡುಕುತ್ತ ಹೆಣ್ಣುಕಾಯಿಯ ತುದಿಯ ಸಣ್ಣ ತೂತಿನಲ್ಲಿ ನುಗ್ಗುತ್ತದೆ. ಅಲ್ಲಿ ಅದಕ್ಕೆ ಮೊಟ್ಟೆಯಿಡಲು ಬರುವುದಿಲ್ಲ, ವಾಪಸು ಬರಲೂ ಆಗುವುದಿಲ್ಲ. ಸತ್ತುಹೋಗುತ್ತದೆ, ಕಾಯಿ ಮಾತ್ರ ನಿಲ್ಲುತ್ತದೆ. ಮರವಿಲ್ಲದೆ ಕಣಜವಿಲ್ಲ, ಕಣಜವಿಲ್ಲದೆ ಮರದ ವಂಶವಿಲ್ಲ. ಇದನ್ನು ಕೇಳಿ 'ಆಹಾ, ಎಂಥ ಸ್ನೇಹ' ಅನ್ನುವವರಿಗೆ ಒಂದು ಕಾಯಿ ಸೀಳಿ ತೋರಿಸಬೇಕು ಅನ್ನಿಸುತ್ತದೆ ನನಗೆ. ರೆಕ್ಕೆಗಳು ಆ ತೂತಿನ ಬಾಯಲ್ಲೇ ಮುರಿದು ಬಿದ್ದಿರುತ್ತವೆ.

ತಾತ ಈ ವಿದ್ಯೆಯನ್ನು ಮಗನಿಗಲ್ಲ, ಅಳಿಯನಿಗೆ ಕಲಿಸಿದ. ಮಗ ಹದಿನೆಂಟಕ್ಕೇ ಪೇಟೆ ಸೇರಿದ್ದ. ಗಂಡುಕಾಯಿಯನ್ನು ಯಾವ ದಿನ ಕೀಳಬೇಕು, ಒಂದೊಂದು ಹೆಣ್ಣುಮರಕ್ಕೆ ಎಷ್ಟು ಕಾಯಿಯನ್ನು ಬಲೆಚೀಲದಲ್ಲಿ ಹಾಕಿ ಕಟ್ಟಬೇಕು, ಎಲ್ಲವೂ ಅಪ್ಪನ ಬೆರಳ ತುದಿಯಲ್ಲಿತ್ತು. ಕಮ್ಮಿಯಾದರೆ ಕಾಯಿ ಉದುರುತ್ತದೆ, ಜಾಸ್ತಿಯಾದರೆ ಹಣ್ಣು ಬಿರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಪ್ರತಿ ಕೊಂಬೆಯಿಂದ ಒಂದು ಕಾಯಿ ಕಿತ್ತು ಸೀಳಿ ನೋಡಬೇಕು. ಒಳಗೆ ಕಂದು ಕಲೆ ಕಂಡರೆ ಆ ಕೊಂಬೆಯ ಕಾಯಿಗಳನ್ನೆಲ್ಲ ಸುಟ್ಟುಬಿಡಬೇಕು. ಯಾಕೆಂದರೆ ಆ ಕೊಳೆಯನ್ನೂ ಕಣಜ ಪರಾಗದ ಜೊತೆಗೇ ಹೊತ್ತುಕೊಂಡು ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಣ್ಣಾಗುವ ಹೊತ್ತಿಗೆ ಒಳಗೆಲ್ಲ ಕೊಳೆತು ನೀರಾಗಿರುತ್ತದೆ.

ತಾತ ತೀರಿಕೊಂಡು ತಿಂಗಳೊಳಗೆ ಮಾವ ಬಂದಿಳಿದ. ಪೇಟೆಯಲ್ಲಿ ಅವನ ಪೀಠೋಪಕರಣದ ಅಂಗಡಿ ಮುಚ್ಚಿತ್ತು. ಮದುವೆ ಮಕ್ಕಳು ಅಂತ ತಾಪತ್ರಯ ಇರಲಿಲ್ಲ. ಮುಂದಿನ ಕೋಣೆ ಅವನದಾಯಿತು, ಅಪ್ಪ-ಅಮ್ಮನ ಮಂಚ ಉಗ್ರಾಣಕ್ಕೆ ಹೋಯಿತು. ಊಟದ ಮೇಜಿನಲ್ಲಿ ಅಪ್ಪ ಎರಡನೇ ಸಲ ಬಡಿಸಿಕೊಂಡರೆ ಮಾವ ಗಡಿಯಾರ ನೋಡುತ್ತಿದ್ದ. ಅಮ್ಮನಿಗೆ ಇದೆಲ್ಲ ಕಾಣುತ್ತಿತ್ತು. ತಮ್ಮನೂ ಬೇಕು, ಗಂಡನೂ ಬೇಕು ಅನ್ನುವವಳು ಎಷ್ಟು ಹೊತ್ತು ತಾನೇ ಕಂಡೂ ಕಾಣದ ಹಾಗಿರಬಹುದು? ಅಮ್ಮ ಆರು ತಿಂಗಳು ಹಾಗಿದ್ದಳು.

ಆಮೇಲೆ ಅಪ್ಪ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಮೂರು ವಾರ ಆಸ್ಪತ್ರೆ. ಊರುಗೋಲು ಹಿಡಿದು ವಾಪಸು ಬಂದ ದಿನ ಮನೆಯೊಳಗೂ ಹೋಗದೆ ನೇರ ಶೆಡ್ಡಿನ ಹಿಂದಕ್ಕೆ ಹೋದ. ನಾನು ಹಿಂದೆಯೇ ಇದ್ದೆ. ಅಲ್ಲಿ ನಾಲ್ಕು ಗುಂಡಿಗಳಿದ್ದವು. ಹೊಸ ಶೆಡ್ಡಿಗೆ ಜಾಗ ಬೇಕು ಅಂತ ಮಾವ ನಾಲ್ಕೂ ಗಂಡುಮರಗಳನ್ನು ಕಡಿಸಿ, ಚಿಗುರಬಾರದೆಂದು ಯಂತ್ರ ತರಿಸಿ ಬೇರು ಸಮೇತ ಕೀಳಿಸಿದ್ದ.

"ಇದೇನು ಮಾಡಿದೆಯಪ್ಪ?" ಅಂತ ಅಪ್ಪ ಕೇಳಿದ. ಅಷ್ಟೇ, ಮೆತ್ತಗೆ.

ಹನ್ನೊಂದು ಜನ ಹೆಂಗಸರು ಹಣ್ಣಿನ ತಟ್ಟೆಗಳ ಮುಂದೆ ಕೂತು ನೋಡುತ್ತಿದ್ದರು. ಅವರನ್ನು ನಗಿಸಬೇಕು ಅಂತಲೋ ಏನೋ ಮಾವ ಗಟ್ಟಿಯಾಗಿ ಹೇಳಿದ. "ಭಾವ, ಹಣ್ಣು ಬಿಡದ ಅಳಿಯಂದಿರನ್ನ ಸಾಕೋ ಶಕ್ತಿ ಈ ತೋಟಕ್ಕಿಲ್ಲ. ನಾಲ್ಕು ಹೋದ್ವು. ಐದನೇದು ತನ್ನ ಕಾಲಲ್ಲೇ ನಡ್ಕೊಂಡು ಹೋದ್ರೆ ಮರ್ಯಾದೆ." ಆಮೇಲೆ ಅಪ್ಪನ ಊರುಗೋಲು ನೋಡಿ, "ಅಥವಾ ಹೆಂಗಾಗತ್ತೋ ಹಂಗೆ" ಅಂದ.

ಯಾರೂ ನಗಲಿಲ್ಲ. ನನಗೆ ಅವನ ನಾಲಿಗೆ ಕಿತ್ತು ಆ ಗುಂಡಿಯಲ್ಲಿ ಹೂಳುವಷ್ಟು ಸಿಟ್ಟು ಬಂತು. ಅಪ್ಪ ಮಾತ್ರ ಎಂದಿನ ಹಾಗೆ ನಕ್ಕ. ನಕ್ಕು, ಗಂಡುಮರ ಇಲ್ಲದಿದ್ದರೆ ಏನಾಗುತ್ತದೆ ಅಂತ ಹೇಳುವ ಬದಲು ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಹೋಗಿ ಪೆಟ್ಟಿಗೆ ಕಟ್ಟಿದ. ಅವನ ಸೇಡು ಶುರುವಾದದ್ದು ಆ ಹೇಳದೆ ಬಿಟ್ಟ ಮಾತಿನಿಂದ.

ನಾವು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಿಗೆ ಹೋದೆವು. ಅಪ್ಪನಿಗೆ ಹಣ್ಣಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕೂತು ಮೊಳೆ ಹೊಡೆಯುವ ಕೆಲಸ ಸಿಕ್ಕಿತು. ನಲವತ್ತೈದು ವರ್ಷ ಒಂದೇ ಮನೆಯಲ್ಲಿ ಎದ್ದು ಮಲಗಿದ ಅಮ್ಮ, ಬೆಳಿಗ್ಗೆ ಎದ್ದು ಅಡುಗೆಮನೆ ಅಂತ ಎಡಕ್ಕೆ ತಿರುಗಿ ಗೋಡೆಗೆ ಹಣೆ ತಾಗಿಸಿಕೊಳ್ಳುತ್ತಿದ್ದಳು. ದಿನವೂ. "ನನ್ನ ಮನೆಗೆ ಹೋಗ್ಬೇಕು" ಅಂತ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹಣೆಯ ಮೇಲೆ ಎಡಗಡೆ ಒಂದು ಕಲೆ ಉಳಿದುಬಿಟ್ಟಿತು.

ನನ್ನನ್ನು ಮಾವ ಶೆಡ್ಡಿನ ಕೆಲಸದಿಂದ ಬಿಡಿಸಲಿಲ್ಲ. ಹಣ್ಣು ಆರಿಸುವುದರಲ್ಲಿ ನನ್ನ ಕೈ ಚುರುಕು. "ನೀನು ನಮ್ಮನೆ ಹುಡುಗಿ, ನಿಮ್ಮಪ್ಪನ ಥರ ಅಲ್ಲ" ಅನ್ನುತ್ತಿದ್ದ. ಹೂಂ ಅನ್ನುತ್ತಿದ್ದೆ. ಇಪ್ಪತ್ತೆರಡು ವರ್ಷದ ನಾನು ಆ ಶೆಡ್ಡಿನಲ್ಲಿ ಕಣ್ಣು ಕಿವಿ ಎರಡನ್ನೂ ಬಿಚ್ಚಿಕೊಂಡು ಕೂತಿದ್ದೆ.

ಬೇಸಿಗೆ ಬಂತು. ಗೋಲಿಯಷ್ಟಾದ ಕಾಯಿಗಳು ಹಳದಿ ತಿರುಗಿ ಪಟಪಟ ಉದುರತೊಡಗಿದವು. ಮಾವ ತಲೆ ಮೇಲೆ ಕೈ ಹೊತ್ತು ಮರದಿಂದ ಮರಕ್ಕೆ ಓಡಾಡಿದ. ಹುಳ ಬಿದ್ದಿದೆ ಅಂದುಕೊಂಡು ಔಷಧಿ ಅಂಗಡಿಯವನನ್ನು ಕರೆಸಿ, ಎರಡು ಸಲ ಇಡೀ ತೋಟಕ್ಕೆ ವಿಷ ಹೊಡೆಸಿದ! ಹುಳ ಇಲ್ಲದ್ದೇ ರೋಗ ಅನ್ನುವುದು ಶೆಡ್ಡಿನ ಹನ್ನೊಂದು ಜನಕ್ಕೂ ಗೊತ್ತಿತ್ತು. ಒಬ್ಬಳೂ ಹೇಳಲಿಲ್ಲ. ಹಿರಿಯ ಹೆಂಗಸೊಬ್ಬಳು ಮಾತ್ರ ತಟ್ಟೆ ತೊಳೆಯುತ್ತ, "ಅಳಿಯನ್ನ ಓಡಿಸಿ ಮಗಳು ಬಸುರಾಗ್ಲಿಲ್ಲ ಅಂತ ಅತ್ರೆ ಹೆಂಗೆ" ಅಂದಳು. ಎಲ್ಲರೂ ಕೆಮ್ಮಿದಂತೆ ಮಾಡಿ ನಕ್ಕೆವು.

ಸಂಜೆ ನಾನು ಉದುರಿದ ಕಾಯಿಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ಅಪ್ಪನ ಮುಂದೆ ಸುರಿಯುತ್ತಿದ್ದೆ. ಅವನು ಒಂದೊಂದನ್ನೇ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಆಮೇಲೆ ಕೈ ತೊಳೆದು ಬಂದು ಹೊಟ್ಟೆ ತುಂಬ ಊಟ ಮಾಡುತ್ತಿದ್ದ. ಆ ಬೇಸಿಗೆ ಅಪ್ಪ ದಪ್ಪಗಾದ.

ಎರಡನೇ ವರ್ಷದ ವಸಂತದಲ್ಲಿ ಹಣ್ಣು ಕೊಳ್ಳುವ ವ್ಯಾಪಾರಿ ಮಾವನಿಗೆ ವಿಷಯ ಬಿಡಿಸಿ ಹೇಳಿದ. ಮಾರನೇ ದಿನವೇ ಮಾವ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಕೂರಲು ಹೇಳಿದರೂ ಕೂರಲಿಲ್ಲ.

"ಭಾವ, ನನಗೆ ಗೊತ್ತಿರಲಿಲ್ಲ. ಆ ಮರ ಬೇರೆ ಎಲ್ಲಾದ್ರೂ ಇದ್ರೆ ನಿಮಗೇ ಗೊತ್ತಿರತ್ತೆ ಅಂತ ಹೇಳಿದ್ರು."

ಗೊತ್ತಿತ್ತು. ತೋಟದಿಂದ ಎರಡು ಗಂಟೆ ನಡಿಗೆಯ ದೂರದಲ್ಲಿ, ಬಿಟ್ಟುಹೋದ ಕಲ್ಲುಕ್ವಾರಿಯ ಬಿರುಕಿನಲ್ಲಿ ತಾನಾಗಿ ಹುಟ್ಟಿದ ಒಂದು ಗಂಡುಮರ ಇತ್ತು. ಅಪ್ಪ ಅದನ್ನು ಯಾರಿಗೂ ಹೇಳಿರಲಿಲ್ಲ.

"ಅಕ್ಕ ಮನೆಗೆ ಬರ್ಲಿ. ಮುಂದಿನ ಕೋಣೆ ಅವಳಿಗೇ ಬಿಟ್ಟುಕೊಡ್ತೀನಿ" ಅಂದ ಮಾವ. "ನೀವೂ ಬನ್ನಿ."

"ಅವಳು ಬರ್ತಾಳೆ" ಅಂದ ಅಪ್ಪ. "ನಾನು ಕಾಯಿ ಕಟ್ಟಿಕೊಡ್ತೀನಿ. ನನ್ನ ವಿಷಯ ಆಮೇಲೆ ನೋಡೋಣ."

ಅಮ್ಮ ಅವತ್ತೇ ಹೋದಳು. ಅವಳು ಮೆಟ್ಟಿಲಿಳಿದ ರೀತಿ ನೋಡಬೇಕಿತ್ತು, ಹದಿನಾರರ ಹುಡುಗಿ ಇಳಿದ ಹಾಗೆ.

ಕಾಯಿ ಕೀಳುವ ದಿನ ಬೆಳಗಿನ ಜಾವ ನಾನೂ ಅಪ್ಪನೂ ಕ್ವಾರಿಗೆ ಹೋದೆವು. ಅವನ ಕಾಲು ಇನ್ನೂ ಕುಂಟುತ್ತಿತ್ತು. ಮೊದಲ ಕೊಂಬೆಯ ಒಂದು ಕಾಯಿ ಕಿತ್ತು ಸೀಳಿದ. ಒಳಗೆ ಬೆಳ್ಳಗೆ, ಶುದ್ಧವಾಗಿತ್ತು. ಆ ಕೊಂಬೆಯನ್ನು ಹಾಗೇ ಬಿಟ್ಟ. ಎರಡನೆಯದೂ ಶುದ್ಧ, ಅದನ್ನೂ ಬಿಟ್ಟ. ಮೂರನೆಯದರ ಕಾಯಿ ಸೀಳಿದಾಗ ಒಳಗೆ ಬೆರಳುಗುರಿನಷ್ಟು ಕಂದು ಕಲೆ. ಅಪ್ಪ ಆ ಕೊಂಬೆಯನ್ನು ಬಗ್ಗಿಸಿ ಕಾಯಿ ಕೀಳತೊಡಗಿದ.

"ಅಪ್ಪ, ಇದು ಕೊಳೆತದ್ದು."

"ಗೊತ್ತು."

"ಅಮ್ಮ ಆ ಮನೇಲಿದಾಳೆ."

ಅಪ್ಪ ಕೈ ನಿಲ್ಲಿಸದೆ ಹೇಳಿದ. "ಈ ಬೆಳೆಯೂ ಹೋದ್ರೆ ಅವನು ಬಾಲ ಮುದುರ್ಕೊಂಡು ಪೇಟೆಗೆ ಓಡ್ತಾನೆ. ಮನೆ, ತೋಟ ನಿಮ್ಮಮ್ಮನ ಕೈಗೆ ಬರತ್ತೆ. ಹೊರಡೋವಾಗ ಅವನೆದುರು ನಿಂತು ಹೇಳ್ತೀನಿ, ಇದು ಮಾಡಿದ್ದು ಐದನೇ ಅಳಿಯ ಅಂತ. ಆಗ ಅವನ ಮುಖ ಹೆಂಗಾಗತ್ತೆ, ಅದನ್ನ ನೋಡ್ಬೇಕು ನಾನು. ಚೀಲ ಹಿಡಿ."

ಹನ್ನೊಂದು ಜನರ ಮುಂದೆ ಮಾವ ಆ ಊರುಗೋಲು ನೋಡಿದ್ದು ನೆನಪಾಯಿತು. ಚೀಲದ ಬಾಯಿ ಅಗಲ ಮಾಡಿ ಹಿಡಿದೆ. ಮರವೆಲ್ಲ ಹುಡುಕಿ, ಕಲೆಯಿದ್ದ ಕೊಂಬೆಗಳ ಕಾಯಿಗಳನ್ನೇ ಆರಿಸಿ ಅಪ್ಪ ಚೀಲಗಳನ್ನು ತುಂಬಿದ.

ಆ ದಿನವೇ ಅಪ್ಪ ನೂರಿಪ್ಪತ್ತು ಮರಕ್ಕೂ ಬಲೆಚೀಲ ಕಟ್ಟಿದ. ಮಾವ ಏಣಿ ಹಿಡಿದುಕೊಂಡು ಹಿಂದೆ ಹಿಂದೆ ಬಂದ, ಭಾವ ಮತ್ತೆ ಬೀಳಬಾರದು ಅಂತ.

ಕಾಯಿ ನಿಂತಿತು. ಅಂಥ ಕಾಯಿ ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ಅಕ್ಕನನ್ನು ಕರೆದುಕೊಂಡು ತೋಟ ಸುತ್ತುತ್ತಿದ್ದ. ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು, "ಅಕ್ಕ, ಭಾವನಿಗೆ ಅವತ್ತು ಹಂಗನ್ನಬಾರದಿತ್ತು. ನಾನೇ ಹೋಗಿ ಕಾಲು ಹಿಡಿದು ಕರ್ಕೊಂಡು ಬರ್ತೀನಿ, ಸುಗ್ಗಿ ಮುಗೀಲಿ" ಅಂದ. ಅಮ್ಮನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿಯೂ ನಾನು ತಟ್ಟೆಗಳ ಮೇಲೆ ಬಗ್ಗಿ ಸುಮ್ಮನಿದ್ದೆ. ಹೇಳಿದರೂ ಆಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಕಣಜ ಹೊಕ್ಕು ಆಗಿತ್ತು. ಅದು ನೆಪ ಅನ್ನುವುದೂ ನನಗೆ ಗೊತ್ತಿದೆ. ನನಗೆ ಹೇಳುವ ಮನಸ್ಸೇ ಇರಲಿಲ್ಲ.

ಮೊದಲ ಕೊಯ್ಲಿನ ಹಣ್ಣು ತಟ್ಟೆಗೆ ಬಿದ್ದಾಗ ತೂತಿನಿಂದ ನಸುಗೆಂಪು ನೀರು ಒಸರಿತು. ಮಧ್ಯಾಹ್ನದ ಹೊತ್ತಿಗೆ ಶೆಡ್ಡೆಲ್ಲ ಹುಳಿ ನಾತ. ಎರಡನೇ ಕೊಯ್ಲು, ಮೂರನೇ ಕೊಯ್ಲು, ಎಲ್ಲ ಅದೇ. ವ್ಯಾಪಾರಿ ಒಂದು ಹಣ್ಣು ಬಿಡಿಸಿ ನೋಡಿ, ಖಾಲಿ ಲಾರಿ ತಿರುಗಿಸಿಕೊಂಡು ಹೋದ. ಮಾವ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ. ಸುಳ್ಳು ಹೇಳುವುದಿಲ್ಲ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಗ ಅಮ್ಮ ಒಳಗೆ ಬಂದಳು. ತಟ್ಟೆಯಿಂದ ಒಂದು ಹಣ್ಣೆತ್ತಿ ಹೆಬ್ಬೆರಳಿನಿಂದ ಸೀಳಿ ಮೂಸಿದಳು. ಅಂಜೂರದ ತೋಟದಲ್ಲಿ ಹುಟ್ಟಿದವಳು, ತಾತ ಕೊಂಬೆ ಕೊಂಬೆಯ ಕಾಯಿ ಸೀಳಿ ನೋಡುವಾಗ ಬುಟ್ಟಿ ಹಿಡಿದು ನಿಂತಿದ್ದವಳು. ಒಂದು ಕೊಂಬೆಯಲ್ಲಿ ಕೈತಪ್ಪಿದರೆ ಹತ್ತು ಮರ ಹಾಳಾಗಬಹುದು, ನೂರಿಪ್ಪತ್ತಲ್ಲ. ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಅವಳಿಗೆ ಅಷ್ಟು ಸಾಕಾಯಿತು.

"ಹವೆ ಸರಿಯಿಲ್ಲ ಕಣೋ ಈ ವರ್ಷ" ಅಂತ ತಮ್ಮನಿಗೆ ಹೇಳಿ, ನನ್ನ ಮುಂಗೈ ಹಿಡಿದುಕೊಂಡು ಸೈಕಲ್ ಅಂಗಡಿಯವರೆಗೂ ಬಿರಬಿರನೆ ನಡೆದಳು. ಸುದ್ದಿ ಅಲ್ಲಿಗೆ ಆಗಲೇ ಮುಟ್ಟಿತ್ತು. ಅಪ್ಪ ಒಗೆದ ಶರಟು ಹಾಕಿಕೊಂಡು ತಲೆ ಬಾಚುತ್ತಿದ್ದ.

"ಎಲ್ಲಿಗೆ ಹೊರಟ್ರಿ?"

"ನಿನ್ನ ತಮ್ಮನ ಹತ್ರ. ಒಂದು ಮಾತು ಹೇಳೋದಿದೆ."

"ಹೇಳೋ ಹಾಗಿಲ್ಲ." ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅವನು ಮರ ಕಡಿದಿದ್ದು ಗೊತ್ತಿಲ್ದೆ. ನೀವು ಗೊತ್ತಿದ್ದೂ ಕೊಳೆಸಿದ್ರಿ. ಅದು ಅವನ ತೋಟ ಅಲ್ಲ ಕಣ್ರೀ, ನಮ್ಮಪ್ಪಂದು. ನಮ್ಮಪ್ಪ ಕಲಿಸಿದ ಕೆಲಸದಿಂದಲೇ ನಮ್ಮಪ್ಪನ ತೋಟ ಹಾಳು ಮಾಡಿದ್ರಿ."

"ಅವನು ನನಗೆ ಅಂದಿದ್ದು ನೀನು ಮರೆತ್ಯಾ?"

"ಮರೆತಿಲ್ಲ. ಇದನ್ನೂ ಮರೆಯಲ್ಲ. ಅವನ ಮುಖ ನೋಡ್ಬೇಕು ಅಂತ ತಾನೇ ಶರಟು ಹಾಕ್ಕೊಂಡಿದ್ದು? ಆ ಸಂತೋಷ ನಾನಿರೋವರೆಗೂ ನಿಮಗೆ ಸಿಗಲ್ಲ. ಮಾಡಿದ್ದು ಯಾರು ಅಂತ ಅವನಿಗೆ ಗೊತ್ತಾದ ದಿನ ನಾನು ನಿಮಗೆ ಹೆಂಡತಿ ಅಲ್ಲ, ಇವಳಿಗೆ ಅಮ್ಮ ಅಲ್ಲ." ನನ್ನ ಕಡೆ ತಿರುಗಿದಳು. "ಚೀಲ ಹಿಡಿದವಳು ನೀನೇ ತಾನೆ?"

ಅಪ್ಪ ಬಾಚಣಿಗೆ ಹಿಡಿದುಕೊಂಡೇ ಮಂಚದ ಮೇಲೆ ಕೂತ. ಅಮ್ಮನ ಮಾತು ಬರೀ ಬೆದರಿಕೆಯಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಮಾವ ಪೇಟೆಗೆ ಓಡಲಿಲ್ಲ. ಎರಡು ದಿನದ ಮೇಲೆ ಬಂದು ಅಪ್ಪನ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. "ನೀವು ಪಾಪ ಕುಂಟು ಕಾಲಲ್ಲಿ ಅಷ್ಟು ಕಷ್ಟಪಟ್ರಿ ಭಾವ, ನನ್ನ ಹಣೆಬರಹ" ಅಂದ. ಅಪ್ಪನ ಕಾಲಿಗೆ ಬೀಳಲು ಬಗ್ಗಿದ. ಅಪ್ಪ ಅಮ್ಮನನ್ನು ನೋಡಿದ. ಅಮ್ಮ ಪೆಟ್ಟಿಗೆ ಕಟ್ಟುತ್ತಿದ್ದಳು, ಎಲ್ಲರೂ ಆ ಮನೆಗೆ ಹೋಗುವುದಕ್ಕೆ.

ಆಮೇಲಿನ ಒಂಬತ್ತು ವರ್ಷ ನನ್ನ ಅಮ್ಮ ತೀರಿಸಿಕೊಂಡ ಸೇಡಿನ ಮುಂದೆ ಅಪ್ಪನದು ಏನೇನೂ ಅಲ್ಲ. ಅಪ್ಪ ಕ್ವಾರಿಯ ಮರದಿಂದ ಶುದ್ಧ ಕೊಂಬೆ ತಂದು ನೆಟ್ಟು ನಾಲ್ಕು ಗಂಡುಮರ ಬೆಳೆಸಿದ. ತೋಟ ಚೇತರಿಸಿಕೊಂಡಿತು. ಭಾವನ ಕೈಯಿಲ್ಲದೆ ಮಾವನಿಗೆ ಬೆಳೆಯಿಲ್ಲ, ಮಾವನ ಮನೆಯಿಲ್ಲದೆ ಅಪ್ಪನಿಗೆ ಹೆಂಡತಿಯಿಲ್ಲ. ಊಟದ ಮೇಜಿನಲ್ಲಿ ಎದುರುಬದುರು ಕೂರುತ್ತಿದ್ದರು. ಯಾರಾದರೂ ನೆಂಟರು ಬಂದರೆ ಅಮ್ಮನೇ ಶುರು ಮಾಡುತ್ತಿದ್ದಳು. "ಭಾವನ ವಿಷಯ ಹೇಳೋ, ಇವರು ಕೇಳಿಲ್ಲ." ಮಾವ ಶುರುವಿನಿಂದ ಕೊನೆಯವರೆಗೂ ಹೇಳುತ್ತಿದ್ದ. ತಾನು ಎಂಥ ದುಷ್ಟನಾಗಿದ್ದೆ, ಭಾವ ಹೇಗೆ ಎಲ್ಲ ನುಂಗಿಕೊಂಡು ಏಣಿ ಹತ್ತಿದ, ಊರೇ ಕೈಬಿಟ್ಟಾಗ ಕೈಬಿಡದವನು ಅವನೊಬ್ಬನೇ. ಅಪ್ಪನ ತುತ್ತು ಅರ್ಧದಲ್ಲೇ ನಿಲ್ಲುತ್ತಿತ್ತು. "ಇನ್ನೊಂದು ಸ್ವಲ್ಪ ಹಾಕ್ಲಾ?" ಅಂತ ಅಮ್ಮ ಅವನ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಆ ಒಂಬತ್ತು ವರ್ಷದಲ್ಲಿ ಅಪ್ಪ ಕಡ್ಡಿಯಾದ.

ಸಾಯುವ ಹಿಂದಿನ ದಿನ ಮಧ್ಯಾಹ್ನ ಅಪ್ಪ ಮಾವನ ಅಂಗಿ ಹಿಡಿದೆಳೆದು, "ಆ ಕಾಯಿ... ನಾನು..." ಅಂದ. ಅಮ್ಮ ನೀರಿನ ಚಮಚ ಬಾಯಿಗಿಟ್ಟಳು. "ತೋಟದ ಚಿಂತೆ ಬಿಡಿ ಭಾವ" ಅಂತ ಮಾವ ಅವನ ಕೈ ಸವರಿದ.

ಅಮ್ಮ ಇನ್ನೂ ಹದಿನಾಲ್ಕು ವರ್ಷ ಬದುಕಿದಳು. ಹೋದ ತಿಂಗಳು ಹೋದಳು. ಅಪ್ಪನನ್ನು ಪ್ರೀತಿಸುತ್ತಿದ್ದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಕ್ಷಮಿಸಲಿಲ್ಲ, ಅದು ಗೊತ್ತು. ನನ್ನನ್ನೂ ಕ್ಷಮಿಸಲಿಲ್ಲ.

ಮಾವನಿಗೆ ಈಗ ಅರವತ್ತಾರು. ಕಣ್ಣು ಮಂಜಾಗಿದೆ, ಭೂತಗನ್ನಡಿ ಹಿಡಿದು ಓದುತ್ತಾನೆ. ಹತ್ತು ದಿನದ ಹಿಂದೆ ನನ್ನನ್ನು ಕರೆದು ಕೂರಿಸಿಕೊಂಡು, "ನಿಮ್ಮಪ್ಪನ ಬಗ್ಗೆ ಏನಾದ್ರೂ ಬರಿ ಮಗಳೇ. ಅಂಥ ಮನುಷ್ಯ ಇದ್ದ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ. ಒಂದೂ ಬಿಡದೆ ಬರಿ. ಮೊದಲು ನನಗೆ ತೋರಿಸು" ಅಂದ.

ಒಂದೂ ಬಿಡದೆ ಬರೆದಿದ್ದೇನೆ. ನಾಳೆ ಬೆಳಿಗ್ಗೆ ತಿಂಡಿ ಆದಮೇಲೆ ಇದನ್ನು ಅವನ ಕೈಗೆ ಕೊಡುತ್ತೇನೆ. ಕಣ್ಣು ಸರಿಯಿಲ್ಲ, ಓದಿ ಮುಗಿಸುವುದಕ್ಕೆ ಎರಡು ಗಂಟೆಯಾದರೂ ಬೇಕು. ಅಷ್ಟು ಹೊತ್ತೂ ಎದುರಿನ ಕುರ್ಚಿಯಲ್ಲಿ, ಅವನ ಮುಖ ಕಾಣುವ ಹಾಗೆ ಕೂತಿರುತ್ತೇನೆ.